ಮುದನೂರಿನ ಪ್ರಶ್ನೆ: ಹಣೆಪಟ್ಟಿಗಳ ಚರಿತ್ರೆ ಮತ್ತು ಮೈತ್ರಿಯ ಹಾದಿ

ಮನುಷ್ಯ ತನಗೆ ಅರ್ಥವಾಗದುದನ್ನು ಕಂಡಾಗ ಮೊದಲು ಮಾಡುವ ಕೆಲಸ ಹೆಸರಿಡುವುದು. ಹೆಸರಿಟ್ಟ ಮೇಲೆ ಅರ್ಥಮಾಡಿಕೊಳ್ಳುವ ಹೊಣೆ ಮುಗಿಯಿತೆಂಬ ಸಮಾಧಾನ ಅವನಿಗೆ ದೊರೆಯುತ್ತದೆ. ಗಂಡು-ಹೆಣ್ಣೆಂಬ ಎರಡು ಮನೆಗಳಲ್ಲಿ ಸಲೀಸಾಗಿ ಹೊಂದಿಕೊಳ್ಳದವರಿಗೆ ಕನ್ನಡ ಸಮಾಜ ಇಟ್ಟ ಹೆಸರುಗಳು ಅನೇಕ: ನಪುಂಸಕ, ಷಂಡ, ಪೇಡಿ, ಶಿಖಂಡಿ, ಖೋಜಾ, ಹಿಜಡಾ, ಜೋಗಪ್ಪ, ಮಂಗಳಮುಖಿ, ತೃತೀಯ ಲಿಂಗಿ, ಲೈಂಗಿಕ ಅಲ್ಪಸಂಖ್ಯಾತ. ಇವುಗಳಲ್ಲಿ ಕೆಲವು ಶಾಸ್ತ್ರದಿಂದ ಬಂದವು, ಕೆಲವು ಅರಮನೆಯಿಂದ, ಕೆಲವು ಬೀದಿಯಿಂದ. ಕೊನೆಯವು ಹಕ್ಕಿನ ಹೋರಾಟದಿಂದ ಬಂದವು. ಶಿಖಂಡಿ ಎಂಬುದಂತೂ ಮಹಾಭಾರತದ ಒಬ್ಬ ವೀರನ ಅಂಕಿತನಾಮ. ಅದು ಬೈಗುಳವಾದದ್ದು ನಮ್ಮ ಬಾಯಲ್ಲಿ. ಬೃಹನ್ನಳೆಯ ಪ್ರಸಂಗವನ್ನು ಆಟದಲ್ಲಿ ಕಂಡು ಚಪ್ಪಾಳೆ ತಟ್ಟುವ ಊರೇ ಮರುದಿನ ಸಂತೆಯಲ್ಲಿ ಅಂಥ ನಡೆಯವರನ್ನು ಕಂಡು ನಗುತ್ತದೆ.

ಈ ಹೆಸರುಗಳ ಚರಿತ್ರೆಯನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಯನ್ನು ಕೇಂದ್ರದಲ್ಲಿಟ್ಟುಕೊಂಡು ನೋಡುವುದು ಈ ಬರಹದ ಉದ್ದೇಶ. ಅದಕ್ಕೆ ಕಾರಣವಿದೆ. ಲಿಂಗ ಮತ್ತು ಲೈಂಗಿಕತೆಯ ಭಿನ್ನತೆಯ ಮಾತು ಬಂದಾಗ, ಇದು ಮಹಾನಗರಗಳ ವಿಷಯ, ಪಶ್ಚಿಮದಿಂದ ಬಂದ ವಿಚಾರ, ನಮ್ಮ ಸೀಮೆಗೆ ಸಂಬಂಧಿಸಿದ್ದಲ್ಲ ಎಂಬ ಮಾತನ್ನು ವಿದ್ಯಾವಂತರೂ ಆಡುತ್ತಾರೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಕನ್ನಡದಲ್ಲಿ ಗಂಡು-ಹೆಣ್ಣೆಂಬ ಹಣೆಪಟ್ಟಿಯನ್ನು ನೇರವಾಗಿ ಪ್ರಶ್ನಿಸಿದ ಬಹು ಹಳೆಯ ದನಿಗಳಲ್ಲೊಂದು ಸುರಪುರ ಸೀಮೆಯ ಮುದನೂರಿನದು.

ಮುದನೂರಿನ ನೇಕಾರನ ಪ್ರಶ್ನೆ

ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯ ಮುದನೂರಿನವನು. ಅವನ ವಚನಗಳ ಅಂಕಿತವಾದ ರಾಮನಾಥ ಆ ಊರಿನ ದೇವರು. ಜೇಡರ ದಾಸಿಮಯ್ಯ ಮತ್ತು ದೇವರ ದಾಸಿಮಯ್ಯ ಇಬ್ಬರೋ ಒಬ್ಬನೋ ಎಂಬ ಚರ್ಚೆ ಕನ್ನಡ ಸಂಶೋಧನೆಯಲ್ಲಿ ದೀರ್ಘಕಾಲ ನಡೆದಿದೆ. ಅದು ನಮ್ಮ ಪ್ರಸ್ತುತ ವಿಷಯಕ್ಕೆ ಅಡ್ಡಿಯಾಗದು. ಅವನ ಒಂದು ಪ್ರಸಿದ್ಧ ವಚನದ ಸಾರ ಹೀಗಿದೆ: ದೇಹದ ಮೇಲೆ ತೋರುವ ಗುರುತುಗಳನ್ನು ಕಂಡು ಜನರು ಒಬ್ಬರನ್ನು ಹೆಣ್ಣೆಂದು, ಇನ್ನೊಬ್ಬರನ್ನು ಗಂಡೆಂದು ಕರೆಯುತ್ತಾರೆ, ಆದರೆ ಒಳಗಿರುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಶಿವಶರಣೆ ಗೊಗ್ಗವ್ವೆಯ ವಚನವೊಂದು ಇದೇ ಪ್ರಶ್ನೆಯನ್ನು ಜ್ಞಾನದ ನೆಲೆಯಲ್ಲಿ ಎತ್ತುತ್ತದೆ. 1973ರಲ್ಲಿ ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾದ ಮೇಲೆ ದಾಸಿಮಯ್ಯನ ಈ ವಚನ ಕನ್ನಡದಾಚೆಗೂ ಓದುಗರನ್ನು ಪಡೆಯಿತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಕ್ರಿಯಾಪದವನ್ನು ಗಮನಿಸಬೇಕು. ಗುರುತು ಇದ್ದವಳು ಹೆಣ್ಣು, ಗುರುತು ಇದ್ದವನು ಗಂಡು ಎಂದು ವಚನ ಹೇಳುವುದಿಲ್ಲ. ಜನ ಹಾಗೆ ಕರೆಯುತ್ತಾರೆ ಎನ್ನುತ್ತದೆ. ಲಿಂಗವನ್ನು ಅದು ವಸ್ತುವಿನ ಗುಣವಾಗಿ ನೋಡದೆ ನೋಡುವವರ ಮಾತಾಗಿ ನೋಡುತ್ತದೆ. ಹಣೆಪಟ್ಟಿ ಇರುವುದು ಹಣೆಯಲ್ಲಲ್ಲ, ಅದನ್ನು ಓದುವವನ ಕಣ್ಣಿನಲ್ಲಿ ಎಂಬ ವಿವೇಕ ಇದು. ಆದರೆ ಈ ವಚನವನ್ನು ಇಂದಿನ ಲಿಂಗತ್ವ ಚಳವಳಿಯ ಪ್ರಣಾಳಿಕೆಯೆಂದು ಓದುವುದು ಕಾಲವ್ಯತ್ಯಾಸದ ದೋಷವಾಗುತ್ತದೆ. ದಾಸಿಮಯ್ಯ ಮಾತನಾಡುತ್ತಿರುವುದು ಭಕ್ತಿಯ, ಆತ್ಮದ ನೆಲೆಯಲ್ಲಿ. ಆತ್ಮಕ್ಕೆ ಲಿಂಗವಿಲ್ಲವೆಂದು ಒಪ್ಪಿ, ದೇಹಧಾರಿಯಾದ ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸುವುದು ಸಾಧ್ಯ; ನಮ್ಮ ಸಮಾಜ ಬಹುಕಾಲ ಮಾಡಿದ್ದೂ ಅದನ್ನೇ.

ವ್ಯಾಕರಣದ ಒಂಬತ್ತು ಮತ್ತು ಬೀದಿಯ ಒಂಬತ್ತು

ಭಾಷೆ ಈ ವಿಷಯದಲ್ಲಿ ಏನು ಮಾಡಿದೆ ಎಂಬುದು ಕುತೂಹಲಕರ. ಕನ್ನಡದಲ್ಲಿ ಲಿಂಗವಿವಕ್ಷೆ ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರಲ್ಲಿ ಗಂಡಸನ್ನು ಸೂಚಿಸುವುದು ಪುಲ್ಲಿಂಗ, ಹೆಂಗಸನ್ನು ಸೂಚಿಸುವುದು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ಈ ಏರ್ಪಾಡಿನಲ್ಲಿ ಗಂಡು-ಹೆಣ್ಣೆಂಬ ಗೆರೆಯಾಚೆ ನಿಂತ ಮನುಷ್ಯರು ಕಲ್ಲು-ಮರಗಳ ಸಾಲಿಗೆ ಜಾರುತ್ತಾರೆ. ವ್ಯಾಕರಣದ ಪಾರಿಭಾಷಿಕ ಪದವಾದ ‘ನಪುಂಸಕ’ ಬೈಗುಳವಾಗಿ ಬಳಕೆಗೆ ಬಂದದ್ದನ್ನು ನೋಡಿದರೆ ಈ ಜಾರುವಿಕೆ ಎಷ್ಟು ಸುಲಭ ಎಂಬುದು ತಿಳಿಯುತ್ತದೆ.

ಕ್ರಿ.ಶ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರಕ್ಕೇ ನಿಲ್ಲದೆ ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ಪುಂ, ಸ್ತ್ರೀ, ನಪುಂಸಕಗಳ ಜೊತೆಗೆ ಪುಂಸ್ತ್ರೀ, ಪುಂನಪುಂಸಕ, ಸ್ತ್ರೀನಪುಂಸಕ, ತ್ರಿಲಿಂಗ, ವಾಚ್ಯಲಿಂಗ, ಅವ್ಯಯಲಿಂಗಗಳು ಅವನ ಪಟ್ಟಿಯಲ್ಲಿವೆ. ಇವು ಶಬ್ದಗಳ ಲಿಂಗಗಳೇ ಹೊರತು ಮನುಷ್ಯರವಲ್ಲ. ಆದರೂ ಪದಗಳ ವರ್ತನೆಯನ್ನು ನೋಡುತ್ತ ಹೋದ ವೈಯಾಕರಣನಿಗೆ ಮೂರು ಪೆಟ್ಟಿಗೆ ಸಾಲಲಿಲ್ಲ ಎಂಬುದು ಗಮನಾರ್ಹ. ಅವನು ಪದವನ್ನು ಪೆಟ್ಟಿಗೆಗೆ ಹೊಂದಿಸಲು ಕತ್ತರಿಸಲಿಲ್ಲ, ಪೆಟ್ಟಿಗೆಗಳನ್ನೇ ಹೆಚ್ಚಿಸಿದ. ‘ಒಂಬತ್ತು’ ಎಂಬ ಸಂಖ್ಯೆ ಇಂದು ಬೀದಿಯಲ್ಲಿ ಹೆಣ್ಣಿಗತನದ ಹುಡುಗರನ್ನು ಹಂಗಿಸುವ ಪದವಾಗಿದೆ. ಇವೆರಡಕ್ಕೂ ಸಂಬಂಧ ಕಲ್ಪಿಸಬೇಕಿಲ್ಲ. ಆದರೆ ಆ ಪದವನ್ನು ತರಗತಿಯ ಹಿಂದಿನ ಬೆಂಚಿನಿಂದ ಕೇಳಿದ ಅಧ್ಯಾಪಕನಿಗೆ ಕೇಶಿರಾಜನ ಒಂಬತ್ತನ್ನು ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಾರದು.

ಇದೇ ಭಾಷೆ ‘ಅವರು’ ಎಂಬ ಸರ್ವನಾಮವನ್ನೂ ಕೊಟ್ಟಿದೆ. ‘ಅವನು’, ‘ಅವಳು’ ಎಂಬಲ್ಲಿ ಇರುವ ಭೇದ ‘ಅವರು’ ಎಂಬಲ್ಲಿ ಇಲ್ಲ. ಬಹುವಚನವಾಗಿ ಅದು ಗಂಡು-ಹೆಣ್ಣುಗಳಿಗೆ ಸಮಾನ, ಏಕವಚನದಲ್ಲಿ ಗೌರವಸೂಚಕ. ಇಂಗ್ಲಿಷಿನಲ್ಲಿ ಲಿಂಗಸೂಚನೆಯಿಲ್ಲದೆ ಒಬ್ಬ ವ್ಯಕ್ತಿಯನ್ನು ಹೇಗೆ ಕರೆಯಬೇಕೆಂಬ ವಾದ ಇಂದಿಗೂ ನಡೆಯುತ್ತಿದೆ. ಕನ್ನಡದ ರೈತ ಅಪರಿಚಿತರ ಕುರಿತು ಮಾತಾಡುವಾಗ ಸಹಜವಾಗಿಯೇ ಆ ಸಮಸ್ಯೆಯನ್ನು ಬಗೆಹರಿಸಿರುತ್ತಾನೆ. ಕೂಸನ್ನು ‘ಅದು’ ಎನ್ನುವಾಗ ಅಕ್ಕರೆಯಿದೆ, ಬೆಳೆದ ಮನುಷ್ಯರನ್ನು ‘ಅದು’ ಎನ್ನುವಾಗ ಅವಹೇಳನವಿದೆ. ‘ಅದು’ ಎಂಬುದರಿಂದ ‘ಅವರು’ ಎಂಬುದಕ್ಕೆ ಬರಲು ಯಾವ ಕಾನೂನೂ ಬೇಕಿಲ್ಲ. ನಾಲಗೆಯ ಸೌಜನ್ಯ ಸಾಕು.

ದ್ರವ್ಯ ಮತ್ತು ಭಾವ: ಶಾಸ್ತ್ರದ ಒಳನೋಟ, ಶಾಸ್ತ್ರದ ಮಿತಿ

ಯಾದಗಿರಿಯ ನೆರೆಯ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ವೈಯಾಕರಣ ಶಾಕಟಾಯನ ಪಾಲ್ಯಕೀರ್ತಿ ತನ್ನ ವ್ಯಾಕರಣದ ವೃತ್ತಿಗೆ ಆ ಅರಸನ ಹೆಸರನ್ನೇ ಇಟ್ಟ. ಯಾಪನೀಯ ಪರಂಪರೆಯ ಇವನು ‘ಸ್ತ್ರೀಮುಕ್ತಿ ಪ್ರಕರಣ’ವನ್ನೂ ಬರೆದ. ಸ್ತ್ರೀಗೆ ಅದೇ ಜನ್ಮದಲ್ಲಿ ಮುಕ್ತಿ ಸಾಧ್ಯವೇ ಎಂಬ ಆ ವಾದದ ನಡುವೆ ಒಂದು ಸೂಕ್ಷ್ಮ ಪ್ರಶ್ನೆ ಎದ್ದಿತು: ಆಗಮದಲ್ಲಿ ‘ಸ್ತ್ರೀ’ ಎಂದಾಗ ದೇಹದಿಂದ ಸ್ತ್ರೀಯಾದವಳೇ, ಅಥವಾ ಭಾವದಿಂದ ಸ್ತ್ರೀಯಾದ ವ್ಯಕ್ತಿಯೇ? ದೇಹ ಮತ್ತು ಭಾವ ಬೇರೆಬೇರೆಯಾಗಿರಬಹುದು ಎಂಬ ತಿಳಿವಳಿಕೆ ಇಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

10ನೆಯ ಶತಮಾನದ ಉತ್ತರಾರ್ಧದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಚಾವುಂಡರಾಯನಿಗಾಗಿ ರಚಿಸಿದ ‘ಗೊಮ್ಮಟಸಾರ’ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. ಜೈನ ಕರ್ಮಸಿದ್ಧಾಂತದಲ್ಲಿ ‘ವೇದ’ವೆಂದರೆ ಕಾಮಭಾವ, ಅದು ಪುಂವೇದ, ಸ್ತ್ರೀವೇದ, ನಪುಂಸಕವೇದವೆಂದು ಮೂರು ಬಗೆ. ದೇಹದ ಲಿಂಗ ನಾಮಕರ್ಮದ ಫಲ, ಅದು ದ್ರವ್ಯ; ಒಳಗಿನ ಒಲವು ಮೋಹನೀಯಕರ್ಮದ ಫಲ, ಅದು ಭಾವ. ಈ ಎರಡೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದಿಕೊಂಡಿರುವುದಿಲ್ಲ ಎಂದು ಗ್ರಂಥ ಹೇಳುತ್ತದೆ. ಕೇಶವವರ್ಣಿ 1359ರಲ್ಲಿ ಇದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದ. ಅಂದರೆ ದೇಹದ ಗುರುತೇ ಬೇರೆ, ಒಳಗಿನ ಒಲವೇ ಬೇರೆ ಎಂಬ ವಿವೇಚನೆ ಕನ್ನಡದ ಶಾಸ್ತ್ರಗದ್ಯಕ್ಕೆ ಆರುನೂರು ವರ್ಷಗಳಿಗೂ ಹಿಂದೆಯೇ ಪರಿಚಿತವಾಗಿತ್ತು. ಮೂರು ವೇದಗಳೂ ಕರ್ಮೋದಯದಿಂದ ಬಂದವು, ಸಾಧನೆಯ ಮೇಲಿನ ಹಂತದಲ್ಲಿ ಮೂರೂ ಅಳಿಯುತ್ತವೆ. ಜೀವದ ಸ್ವರೂಪದಲ್ಲಿ ಯಾವುದೂ ಇಲ್ಲ. ಮುದನೂರಿನ ವಚನಕ್ಕೂ ಈ ಗಾಹೆಗೂ ತತ್ತ್ವದ ದಾರಿ ಬೇರೆಯಾದರೂ ತಲುಪಿದ ಜಾಗ ದೂರದ್ದಲ್ಲ.

ಆದರೆ ಶಾಸ್ತ್ರದ ಮಿತಿಯನ್ನು ಮರೆಮಾಚಬಾರದು. ಅದೇ ಗ್ರಂಥ ಪುರುಷನ ಕಾಮವನ್ನು ಹುಲ್ಲಿನ ಬೆಂಕಿಗೆ, ಸ್ತ್ರೀಯದನ್ನು ಬೆರಣಿಯ ಬೆಂಕಿಗೆ, ನಪುಂಸಕದ್ದನ್ನು ಇಟ್ಟಿಗೆಗೂಡಿನ ಬೆಂಕಿಗೆ ಹೋಲಿಸುತ್ತದೆ. ಮೂರನೆಯವರು ತಣಿಯದ ಕಾಮದವರು ಎಂಬ ಪೂರ್ವಗ್ರಹ ಇಲ್ಲಿ ಉಪಮೆಯ ರೂಪದಲ್ಲಿ ಕುಳಿತಿದೆ. ಅವರಿಗೆ ದೀಕ್ಷೆಯನ್ನು ನಿರಾಕರಿಸುವ ನಿಯಮಗಳು ಜೈನ, ಬೌದ್ಧ ಸಂಘಗಳೆರಡರಲ್ಲೂ ಇದ್ದವು. ಭೇದವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದ ಪರಂಪರೆಯೇ ಅದೇ ಭೇದವನ್ನು ಹೊರಗಿಡುವ ಕಾರಣವನ್ನಾಗಿಯೂ ಬಳಸಿತು. ತಿಳಿವಳಿಕೆ ತಾನಾಗಿಯೇ ದಯೆಯಾಗುವುದಿಲ್ಲ.

ಕೆಂಭಾವಿಯ ಊಟ

ತಿಳಿವಳಿಕೆಗಿಂತ ಭಿನ್ನವಾದ ಇನ್ನೊಂದು ದಾರಿಯ ಕಥೆ ಇದೇ ಸುರಪುರ ಸೀಮೆಯ ಕೆಂಭಾವಿಯದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬರುವ ಭೋಗಣ್ಣನ ಕಥೆಯಂತೆ, ಶಿವನು ಹೊಲೆಯನ ವೇಷದಲ್ಲಿ ಬಂದಾಗ ಭೋಗಣ್ಣ ಅವನನ್ನು ಮನೆಯೊಳಕ್ಕೆ ಕರೆದು ಉಣಬಡಿಸುತ್ತಾನೆ. ಊರಿನ ಮೇಲುಜಾತಿಯವರು ಸಿಟ್ಟಾಗಿ ಅವನನ್ನು ಊರು ಬಿಡಿಸುತ್ತಾರೆ. ಅವನು ಹೊರಟಾಗ ಊರಿನ ಲಿಂಗಗಳೆಲ್ಲ ಕಿತ್ತುಕೊಂಡು ಅವನ ಹಿಂದೆಯೇ ಹೊರಡುತ್ತವೆ.

ಇದು ಜಾತಿಯ ಹಣೆಪಟ್ಟಿಯ ಕಥೆ, ಲಿಂಗದ್ದಲ್ಲ. ಆದರೂ ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಭೋಗಣ್ಣ ಯಾವ ಸಿದ್ಧಾಂತವನ್ನೂ ಮಂಡಿಸಲಿಲ್ಲ, ಯಾರೊಡನೆಯೂ ವಾದ ಹೂಡಲಿಲ್ಲ. ಹಸಿದು ಬಂದವನಿಗೆ ಒಳಮನೆಯಲ್ಲಿ ಊಟ ಹಾಕಿದ. ಹಿತ್ತಿಲಲ್ಲಿ ಹಾಕಿದ್ದರೆ ಊರು ಸಿಟ್ಟಾಗುತ್ತಿರಲಿಲ್ಲ. ಅನ್ನ ಕೊಡುವುದು ಒಂದು, ಒಳಗೆ ಕರೆದು ಕೊಡುವುದು ಇನ್ನೊಂದು. ಮೊದಲನೆಯದು ಹಣೆಪಟ್ಟಿಯನ್ನು ಉಳಿಸಿಕೊಂಡೇ ಮಾಡುವ ದಾನ, ಎರಡನೆಯದು ಹಣೆಪಟ್ಟಿಯನ್ನು ಕಳಚುವ ನಡೆ. ದಿನನಿತ್ಯದ ದಯೆ ಸಣ್ಣ ಸಂಗತಿಯೆಂದು ಭಾವಿಸುವವರು ಊರು ಅದಕ್ಕೆ ಎಷ್ಟು ದೊಡ್ಡ ಶಿಕ್ಷೆ ವಿಧಿಸಿತೆಂಬುದನ್ನು ನೋಡಬೇಕು.

ಪೊಲೀಸರ ಪುಸ್ತಕ

ಆಧುನಿಕ ಕಾಲದಲ್ಲಿ ಹಣೆಪಟ್ಟಿಗೆ ಹೊಸ ಬಲ ಬಂದದ್ದು ಕಾನೂನಿನಿಂದ. ಬ್ರಿಟಿಷ್ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಲ್ಲಿ ಹಿಜಡಾ ಸಮುದಾಯವನ್ನು ಗುರಿಯಾಗಿಸಿ, ಅವರ ಹೆಸರು-ವಿಳಾಸಗಳನ್ನು ಪುಸ್ತಕದಲ್ಲಿ ದಾಖಲಿಸುವ ವ್ಯವಸ್ಥೆಯನ್ನು ತಂದಿತು. ನಮ್ಮ ಸೀಮೆಯ ಇತಿಹಾಸ ಬೇರೆ ದಾರಿ ಹಿಡಿದಿತ್ತು. 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕನ ಪತನದ ನಂತರ ಸುರಪುರ ಸಂಸ್ಥಾನ ನಿಜಾಮನ ಆಡಳಿತಕ್ಕೆ ಸೇರಿತು. ಯಾದಗಿರಿ, ಶಹಾಪುರಗಳೂ ಹೈದರಾಬಾದು ಸಂಸ್ಥಾನದ ಕಲಬುರಗಿ ಜಿಲ್ಲೆಯಲ್ಲಿದ್ದವು. ಆ ಸಂಸ್ಥಾನ 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ತನ್ನದೇ ಕಾಯ್ದೆಯನ್ನು ಮಾಡಿತು. ಹೈದರಾಬಾದು ನಗರದಲ್ಲಿ ಮತ್ತು ಸರ್ಕಾರ ಸೂಚಿಸುವ ಇತರ ಸ್ಥಳಗಳಲ್ಲಿ ಇಂಥವರ ದಾಖಲೆ ಇಡಬೇಕು. ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ಅಥವಾ ಹಾಡಿ ಕುಣಿದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು ಎಂಬುದು ಅದರ ಸಾರ. ಸಂಸ್ಥಾನ 1948ರಲ್ಲಿ ಹೋಯಿತು, ಕಾಯ್ದೆ ತೆಲಂಗಾಣ ಭಾಗದ ಶಾಸನಪುಸ್ತಕದಲ್ಲಿ ಉಳಿಯಿತು. ಅದನ್ನು ತೆಲಂಗಾಣ ಉಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ರದ್ದುಪಡಿಸಿದ್ದು 2023ರಲ್ಲಿ.

ಇದು ಪರರ ಆಡಳಿತದ ಪಾಪವೆಂದು ಕೈತೊಳೆದುಕೊಳ್ಳುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮನ್ನು ಸೇರಿಸಿದಾಗ, ಅದೇ ಹಳೆಯ ಸಂಶಯದ ಭಾಷೆ, ಅದೇ ದಾಖಲೆ ಪುಸ್ತಕದ ಕಲ್ಪನೆ ಮರಳಿ ಬಂದಿತು. ಅದು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾದ ಬಳಿಕ ಒಂದು ಸಮುದಾಯವನ್ನು ಹೆಸರಿಸುತ್ತಿದ್ದ ಪದ ಹೋಗಿ ಅಲ್ಲಿ ‘ವ್ಯಕ್ತಿ’ ಎಂಬ ಪದ ಬಂದಿತು. ಈ ಬದಲಾವಣೆಯಲ್ಲಿ ಇಡೀ ಚರಿತ್ರೆಯ ಸಾರವಿದೆ: ತಪ್ಪು ಮಾಡುವುದು ವ್ಯಕ್ತಿ, ಸಮುದಾಯವಲ್ಲ.

ಅನಂತರದ ಮಜಲುಗಳು ಸುಪರಿಚಿತ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೆಯ ಕಲಮಿನ ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡ 1ರ ಮೀಸಲಾತಿ ನೀಡಿತು. ಹಿಂದಿನ ಪುಸ್ತಕದಲ್ಲಿ ಹೆಸರು ಬರೆಸುವುದು ಅವಮಾನವಾಗಿತ್ತು, ಈಗಿನ ಪಟ್ಟಿಯಲ್ಲಿ ಹೆಸರು ಬರೆಸುವುದು ಹಕ್ಕು. ಆದರೆ 2011ರ ಜನಗಣತಿ ಇಡೀ ಕರ್ನಾಟಕದಲ್ಲಿ ‘ಇತರೆ’ ಎಂಬ ಕಾಲಮಿನಲ್ಲಿ ಎಣಿಸಿದ್ದು 20,266 ಮಂದಿಯನ್ನು ಮಾತ್ರ. ನೂರಾರು ವರ್ಷ ಹೆಸರಿಗೆ ಹೆದರಿದವರು ಒಂದು ದಿನದಲ್ಲಿ ಹೆಸರು ಹೇಳಿಕೊಳ್ಳಲು ಮುಂದೆ ಬರುವುದಿಲ್ಲ.

ಪೂಜೆಯೂ ಒಂದು ಹಣೆಪಟ್ಟಿ

ಉತ್ತರ ಕರ್ನಾಟಕ ಇಂಥವರನ್ನು ಸಂಪೂರ್ಣವಾಗಿ ಹೊರಗಿಟ್ಟಿರಲಿಲ್ಲ, ಜೋಗಪ್ಪ ಪರಂಪರೆಯಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟ ಜೋಗಪ್ಪನಿಗೆ ಹಳ್ಳಿಯ ಜನ ಕೈಮುಗಿಯುತ್ತಾರೆ, ಕೊಡ ಹೊತ್ತು ಬಂದಾಗ ಜೋಳ ಹಾಕುತ್ತಾರೆ. ಆದರೆ ಅದೇ ವ್ಯಕ್ತಿ ಬಾಡಿಗೆಗೆ ಮನೆ ಕೇಳಿದರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತರೆ ಆ ಗೌರವ ಉಳಿಯುವುದು ಕಡಿಮೆ. ದೇವರ ಹೆಸರಿನಲ್ಲಿ ಕೊಟ್ಟ ಮರ್ಯಾದೆ ದೇವರಿಗೆ ಸಲ್ಲುತ್ತದೆ, ಮನುಷ್ಯರಿಗೆ ತಲುಪುವುದಿಲ್ಲ. ನಿಂದೆಯ ಹಣೆಪಟ್ಟಿಯಂತೆಯೇ ಪೂಜೆಯ ಹಣೆಪಟ್ಟಿಯೂ ವ್ಯಕ್ತಿಯ ಮುಖವನ್ನು ಮುಚ್ಚುತ್ತದೆ.

ಮಂಜಮ್ಮ ಜೋಗತಿ ಅವರ ಬದುಕು ಇದನ್ನು ತೋರಿಸುತ್ತದೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರಿಗೆ ಹುಲಿಗಿಯಲ್ಲಿ ಮುತ್ತು ಕಟ್ಟಿಸಿದರು. ದೇವಿಯ ಹೆಸರು ಅವರನ್ನು ಹಸಿವಿನಿಂದಾಗಲಿ, ಹಿಂಸೆಯಿಂದಾಗಲಿ, ಸಾಯಬೇಕೆಂಬ ನಿರಾಶೆಯಿಂದಾಗಲಿ ಕಾಪಾಡಲಿಲ್ಲ. ಕೈಹಿಡಿದದ್ದು ಕಲೆ, ಮತ್ತು ಆ ಕಲೆಯನ್ನು ಕಲಿಸಿದ ಕಾಳವ್ವ ಜೋಗತಿ. ಒಬ್ಬರು ಇನ್ನೊಬ್ಬರನ್ನು ಹತ್ತಿರ ಕೂರಿಸಿಕೊಂಡು ಹಾಡು, ಕುಣಿತ ಕಲಿಸಿದ ಆ ಸಂಬಂಧದಿಂದ ಮುಂದಿನದೆಲ್ಲ ಸಾಧ್ಯವಾಯಿತು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಕರುಣೆಗೆ ಪಾತ್ರರೆಂದು ನಾವು ಎಣಿಸಿದವರು ನಾಡಿನ ಪ್ರಥಮ ಪ್ರಜೆಗೇ ಒಳ್ಳೆಯದನ್ನು ಹಾರೈಸಿದ ಗಳಿಗೆ ಅದು. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ದಾಸಿಮಯ್ಯನ ವಚನವನ್ನು ಬಲ್ಲವರಿಗೆ ಈ ಹೆಸರಿನ ಮೂಲವನ್ನು ವಿವರಿಸಬೇಕಿಲ್ಲ. ಮುದನೂರಿನಲ್ಲಿ ಆತ್ಮಕ್ಕೆ ಸಂದ ಮಾತನ್ನು ಕಲ್ಲುಕಂಬದ ಬದುಕು ದೇಹಕ್ಕೆ, ಬೀದಿಗೆ, ಮನೆಗೆ ತಂದು ನಿಲ್ಲಿಸಿತು.

ಉಡುಗೆಯಿಂದ ಗುರುತು ಸಿಗದ ಸಲಿಂಗಪ್ರೇಮಿಗಳ ಸ್ಥಿತಿ ಇನ್ನೊಂದು ಬಗೆಯದು. ಅವರಿಗೆ ಪೂಜೆಯೂ ಇರಲಿಲ್ಲ, ಬಹುಕಾಲ ಗೌರವದ ಪದವೂ ಇರಲಿಲ್ಲ. 2013ರಲ್ಲಿ ಪ್ರಕಟವಾದ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕನ್ನಡದ ಕಥನಲೋಕದಲ್ಲಿ ಆ ಮೌನವನ್ನು ಮುರಿಯಿತು. ಸಂಡೂರಿನ ಗಣಿಸೀಮೆಯಿಂದ ಬಂದ ಲೇಖಕರೊಬ್ಬರು ಬರೆದ ಈ ಕಥೆಗಳು, ಇದು ಪರದೇಶದ ವಿಷಯವೆಂಬ ವಾದಕ್ಕೆ ನಮ್ಮ ಕಾಲದ ಉತ್ತರ.

ಕಾರುಣ್ಯಕ್ಕೆ ಮುಂಚೆ ಮೈತ್ರಿ

ಹಾಗಾದರೆ ದಿನನಿತ್ಯದ ದಯೆ ಎಂದರೇನು? ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ನಾಲ್ಕು ಭಾವನೆಗಳನ್ನು ಹೇಳುತ್ತದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಈ ಕ್ರಮದಲ್ಲಿ ಮೈತ್ರಿ ಮೊದಲನೆಯದು ಮತ್ತು ಅದು ಎಲ್ಲರಿಗೂ ಸಲ್ಲುವಂಥದು. ಕಾರುಣ್ಯಕ್ಕೆ ಎದುರಿನವರು ನೊಂದಿರಬೇಕು; ಮೈತ್ರಿಗೆ ಎದುರಿನವರು ಜೀವಿಯಾಗಿದ್ದರೆ ಸಾಕು. ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ನಾವು ನೇರವಾಗಿ ಕಾರುಣ್ಯಕ್ಕೆ ಹಾರುತ್ತೇವೆ, ‘ಪಾಪ’ ಎನ್ನುತ್ತೇವೆ. ಆ ‘ಪಾಪ’ವೂ ಒಂದು ಹಣೆಪಟ್ಟಿಯೇ. ಕರ್ನಾಟಕ ಸರ್ಕಾರ ತೃತೀಯ ಲಿಂಗಿಗಳಿಗಾಗಿ ತಂದ ಮಾಸಾಶನ ಯೋಜನೆಯ ಹೆಸರು ‘ಮೈತ್ರಿ’. ಹೆಸರು ಸರಿಯಾಗಿದೆ, ಆದರೆ ಮಾಸಾಶನವನ್ನು ಖಜಾನೆ ಕೊಡಬಹುದು, ಮೈತ್ರಿಯನ್ನು ನೆರೆಹೊರೆಯವರೇ ಕೊಡಬೇಕು.

ಅದರ ರೂಪಗಳು ಸಣ್ಣವು. ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ‘ಅವರು’ ಎಂದು ಮಾತನಾಡುವುದು. ಹಾಜರಿ ಕರೆಯುವಾಗ ವಿದ್ಯಾರ್ಥಿ ಬಯಸಿದ ಹೆಸರನ್ನು ನಗದೆ ಉಚ್ಚರಿಸುವುದು. ನಡೆ-ನುಡಿ ಭಿನ್ನವಾದ ಹುಡುಗನಿಗೆ ನಾಟಕದಲ್ಲಿ ಹೆಣ್ಣು ಪಾತ್ರವನ್ನಷ್ಟೇ ಕೊಡದೆ ಚರ್ಚಾಸ್ಪರ್ಧೆಗೂ ಕಳಿಸುವುದು. ಬಾಡಿಗೆಗೆ ಮನೆ ಕೇಳಿದವರಿಗೆ ಬಾಡಿಗೆಯ ಮಾತನ್ನಷ್ಟೇ ಆಡುವುದು. ಬಂಧುವೊಬ್ಬ ಮದುವೆ ಒಲ್ಲೆನೆಂದಾಗ ಕಾರಣಕ್ಕಾಗಿ ಪೀಡಿಸದಿರುವುದು. ಇವು ಯಾವುವೂ ಚರಿತ್ರೆಯ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಶಾಸನಗಳು ದಾನವನ್ನು ಬರೆದಿಟ್ಟವು, ಕಾಯ್ದೆಗಳು ಅಪರಾಧವನ್ನು ಬರೆದಿಟ್ಟವು, ಸ್ನೇಹವನ್ನು ಯಾರೂ ಬರೆದಿಡಲಿಲ್ಲ. ಆದರೆ ಮನೆಯಿಂದ ಹೊರಬಿದ್ದ ಒಂದು ಜೀವ ಆ ಸಂಜೆ ಉಳಿಯುವುದೋ ಅಳಿಯುವುದೋ ಎಂಬುದನ್ನು ಅನೇಕ ವೇಳೆ ನಿರ್ಧರಿಸುವುದು ಇಂಥ ದಾಖಲಾಗದ ಸಂಗತಿಯೇ.

ಸಂಶೋಧನೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜೋಗಪ್ಪಂದಿರ ಹಾಡು, ಚೌಡಿಕೆಯ ಪದ, ಬದುಕಿನ ಕಥನಗಳನ್ನು ಅವರ ಬಾಯಿಂದಲೇ, ಅವರ ಒಪ್ಪಿಗೆಯೊಡನೆ ದಾಖಲಿಸಬೇಕು. ಅವರನ್ನು ಮಾದರಿಗಳಾಗಿ ನೋಡದೆ ಜ್ಞಾನದ ಒಡೆಯರಾಗಿ ಕಾಣಬೇಕು. ಗುಣಾಧಿಕರಲ್ಲಿ ಪ್ರಮೋದವೆಂದು ಸೂತ್ರ ಹೇಳುವುದು ಇದನ್ನೇ. ಮುದನೂರಿನ ಪ್ರಶ್ನೆಗೆ ತತ್ತ್ವದಲ್ಲಿ ಉತ್ತರ ಎಂದೋ ಸಿಕ್ಕಿದೆ. ನಡತೆಯಲ್ಲಿ ಉತ್ತರ ಕೊಡುವ ಸರದಿ ನಮ್ಮದು.